ಲೆಕ್ಕದ ಪುಸ್ತಕ ನಮ್ಮ ಕೈಗೂ ಬರಲಿ



ಎಂಬಿಎ ಅಂದ ಕೂಡಲೇ ನಮ್ಮ ಹಾಸ್ಟೆಲುಗಳಲ್ಲಿ ಎರಡು ಮಾತು ಹುಟ್ಟುತ್ತವೆ. ಒಂದು, 'ಅದು ಸಾಹುಕಾರರ ಮಕ್ಕಳ ಓದು, ನಮಗ್ಯಾಕೆ?' ಇನ್ನೊಂದು, 'ಓದಿದ್ರೆ ಕಂಪನಿ ಸೇರಿ ದುಡೀಬೇಕು, ಸಮಾಜದ ಕೆಲಸಕ್ಕೆ ಎಂಬಿಎ ಯಾಕೆ?' ಮೂರನೆಯ ದಾರಿಯೂ ಇದೆ: ಎಂಬಿಎ ಓದುತ್ತಲೇ, ಲಾಭಕ್ಕಲ್ಲದೆ ಜನಕ್ಕಾಗಿ ಇರುವ ಸಂಸ್ಥೆಗಳನ್ನು ನಡೆಸುವ ವಿದ್ಯೆ ಕಲಿಯುವುದು. ಆ ದಾರಿಗೆ ನಮ್ಮವರು ನುಗ್ಗಬೇಕು ಅನ್ನುತ್ತೇವೆ ನಾವು.

ಯಾಕೆ? ನಮ್ಮ ಅಜ್ಜಂದಿರು ಶಾನುಭೋಗರ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದರು. ಒಳಗೇನು ಬರೆದಿದೆ ಎಂದು ಓದಲು ಬರುತ್ತಿರಲಿಲ್ಲ. ಹೊಲ ಹೋಯ್ತು, ಸಾಲ ಉಳೀತು. ಇವತ್ತು ಆ ಪುಸ್ತಕ ಕಂಪ್ಯೂಟರಿನೊಳಗೆ ಕೂತಿದೆ. ೨೦೧೩ರ ಕಂಪನಿ ಕಾಯ್ದೆಯ ೧೩೫ನೇ ಸೆಕ್ಷನ್ ಪ್ರಕಾರ, ನಿಗದಿತ ಮಿತಿ ದಾಟಿದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ೨ ಪಾಲನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಯಾವ್ಯಾವ ಕೆಲಸ ಅನ್ನೋದು ಏಳನೇ ಅನುಸೂಚಿಯಲ್ಲಿದೆ. ಶಿಕ್ಷಣ, ನೈರ್ಮಲ್ಯ, ಕುಡಿಯುವ ನೀರು ಅಲ್ಲಿವೆ. ಹಿಂದುಳಿದವರು ಅನುಭವಿಸುವ ಅಸಮಾನತೆ ತಗ್ಗಿಸುವುದೂ ಅಲ್ಲಿದೆ. ಆದರೆ ಯಾವ ಊರಿಗೆ ಎಷ್ಟು, ಊರೊಳಗೆ ಯಾವ ಬೀದಿಗೆ ಎಂದು ತೀರ್ಮಾನಿಸುವ ಮೇಜಿನ ಸುತ್ತ ಕೂತವರು ಯಾರು? ಕೇರಿಯಲ್ಲಿ ಹುಟ್ಟಿದವರು ಅಲ್ಲೆಷ್ಟು ಜನ?

ಶೌಚಾಲಯದ ಮಾತೇ ತಗೊಳ್ಳಿ. ಎಷ್ಟು ಕಟ್ಟಿಸಿದೆವು ಅಂತ ವರದಿಯಲ್ಲಿ ಒಂದು ಕಾಲಂ ಇರುತ್ತದೆ. ಗುಂಡಿ ತುಂಬಿದ ಮೇಲೆ ಇಳಿಯುವವನು ಯಾರು ಅನ್ನೋ ಕಾಲಂ ಎಲ್ಲಿ? ಮಲ ಹೊರುವ ಪದ್ಧತಿಯನ್ನು ಕಾನೂನು ೧೯೯೩ರಲ್ಲಿ ಒಮ್ಮೆ, ೨೦೧೩ರಲ್ಲಿ ಮತ್ತೊಮ್ಮೆ ನಿಷೇಧಿಸಿತು. ಗುಂಡಿಯಲ್ಲಿ ಸಾಯೋದು ನಿಂತಿಲ್ಲ. ಆ ಕಾಲಂ ಹಾಕಿಸಬೇಕಾದರೆ ವರದಿ ಬರೆಯುವ ಕುರ್ಚಿಯಲ್ಲಿ ಗುಂಡಿಯನ್ನು ಬಲ್ಲವರು ಕೂರಬೇಕು. ಬರೀ ಕರುಣೆ ಸಾಲದು. ಬಜೆಟ್ಟು, ಆಡಿಟ್ಟು ಗೊತ್ತಿರಬೇಕು.

ಇದೇನು ಹೊಸ ಮಾತಲ್ಲ. ಬಾಬಾಸಾಹೇಬರು ಮುಂಬಯಿಯ ಸಿಡನ್‌ಹ್ಯಾಮ್ ವಾಣಿಜ್ಯ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸಿದವರು. ೧೯೨೪ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷವೇ ಸಭೆ ಸೊಲ್ಲಾಪುರದಲ್ಲಿ ಹಾಸ್ಟೆಲು ತೆರೆಯಿತು. ೧೯೪೫ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, ಅದರ ಮರುವರ್ಷ ಸಿದ್ಧಾರ್ಥ ಕಾಲೇಜು. ಹಾಸ್ಟೆಲು ನಡೆಯಬೇಕಾದರೆ ಅಕ್ಕಿಬೇಳೆಯ ಲೆಕ್ಕ ಬೇಕು, ದೇಣಿಗೆಗೆ ರಸೀತಿ ಬೇಕು. ಪದ್ಯ ಬರೆಯುವ ನಾವೇ ಹೇಳ್ತಿದ್ದೇವೆ, ಪದ್ಯದಿಂದ ಅನ್ನ ಬೇಯೋದಿಲ್ಲ.

ಎಲ್ಲಿ ಓದೋದು? ಹಾಲು ಉತ್ಪಾದಕರ ಸಹಕಾರ ಸಂಘಗಳಂಥ ಸಂಸ್ಥೆಗಳಿಗೆ ಮ್ಯಾನೇಜರುಗಳು ಬೇಕೆಂದು ವರ್ಗೀಸ್ ಕುರಿಯನ್ ೧೯೭೯ರಲ್ಲಿ ಗುಜರಾತಿನ ಆನಂದದಲ್ಲಿ 'ಇರ್ಮಾ' ಕಟ್ಟಿದರು. ೨೦೨೫ರಲ್ಲಿ ಅದು ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯವಾಯಿತು. ಗ್ರಾಮೀಣ ನಿರ್ವಹಣೆ ಓದುವವರು ಅಲ್ಲಿ ಹಳ್ಳಿಯಲ್ಲಿದ್ದೂ ಕಲಿಯಬೇಕು. ಐಐಎಂಗಳಲ್ಲಿ ಪರಿಶಿಷ್ಟ ಜಾತಿಗೆ ನೂರಕ್ಕೆ ೧೫, ಪಂಗಡಕ್ಕೆ ೭.೫ ಸೀಟುಗಳಿವೆ. ಬಿ.ಎ. ಮಾಡಿದವರೂ ಕ್ಯಾಟ್ ಪರೀಕ್ಷೆ ಬರೆಯಬಹುದು. ಪರಿಶಿಷ್ಟರಿಗೆ ಪದವಿಯಲ್ಲಿ ನೂರಕ್ಕೆ ೪೫ ಅಂಕ ಇದ್ದರೆ ಸಾಕು.

ಇನ್ನು ದುಡ್ಡು. ದೊಡ್ಡ ಐಐಎಂಗಳ ಎರಡು ವರ್ಷದ ಶುಲ್ಕ ೨೦ ಲಕ್ಷ ದಾಟಿದೆ. ಕಾಫಿ ತೋಟ ಇದ್ದವರ ಮಗನಿಗೆ 'ಸೇವೆ ಮಾಡಪ್ಪಾ' ಅಂದರೆ ನಡೆದೀತು. ಅವ್ವ ಕೂಲಿಗೆ ಹೋಗುತ್ತಿರುವಾಗ, ಬ್ಯಾಂಕಿನ ಕಂತು ಕುತ್ತಿಗೆಗೆ ಬಂದಿರುವಾಗ, ನಮ್ಮ ಹುಡುಗಿಗೆ, ಹುಡುಗನಿಗೆ ತ್ಯಾಗದ ಪಾಠ ಹೇಳೋದು ಅನ್ಯಾಯ. ಮೊದಲು ಕಂಪನಿಯಲ್ಲಿ ದುಡಿದು ಸಾಲ ತೀರಿಸಿ ಆಮೇಲೆ ಬಂದರೂ ಅವರು ನಮ್ಮವರೇ. ಕುಟುಂಬದ ವರಮಾನ ವರ್ಷಕ್ಕೆ ೮ ಲಕ್ಷ ದಾಟದ ಪರಿಶಿಷ್ಟ ಜಾತಿಯವರಿಗೆ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನವಿದೆ. ಸಂಖ್ಯೆಗೆ ಮಿತಿಯಿದೆ, ಅರ್ಜಿ ತಡಮಾಡಬೇಡಿ. ಕಡಿಮೆ ಸಂಬಳದ ಸಾಮಾಜಿಕ ಕೆಲಸಕ್ಕೆ ಹೋಗುವವರ ಶುಲ್ಕವನ್ನು ವಿದ್ಯಾಸಂಸ್ಥೆಗಳೇ ವಾಪಸ್ಸು ಕೊಡಲಿ ಎಂಬ ಬೇಡಿಕೆಯನ್ನು ನಾವೂ ಎತ್ತಬೇಕು.

ಒಂದು ಎಚ್ಚರಿಕೆ. ಆ ತರಗತಿಗಳಲ್ಲಿ ನಮ್ಮ ಜನಕ್ಕೆ 'ಫಲಾನುಭವಿ' ಅಂತ ಹೆಸರು. ಯಾರ ಬೆವರಿನ ಫಲ, ಯಾರ ಅನುಭವ ಎಂದು ಅಲ್ಲೇ ಎದ್ದು ಕೇಳಿ. ಕೇಳಿದವರಿಗೆ ಅಂಕ ಕಡಿಮೆಯಾಗದಂತೆ ಓದಿಕೊಂಡೂ ಹೋಗಿ.

ಕ್ಯಾಟ್ ನಡೆಯೋದು ನವೆಂಬರಿನಲ್ಲಿ. ಪ್ರತಿ ಹಾಸ್ಟೆಲಿನಲ್ಲೂ ಐದು ಜನ ಸೇರಿ, ಹಳೆಯ ಪ್ರಶ್ನೆಪತ್ರಿಕೆ ತನ್ನಿ. ಗಣಿತ ಬಲ್ಲವರು ಇಂಗ್ಲಿಷ್ ಬಲ್ಲವರಿಗೆ ಕಲಿಸಲಿ, ಅವರು ಇವರಿಗೆ ಕಲಿಸಲಿ. ರಾತ್ರಿ ಊಟ ಆದ ಮೇಲೆ ಎರಡು ಗಂಟೆ. ಇವತ್ತೇ ಶುರು ಮಾಡಿ.