ತಿಳಿನೀರಿನ ಗುಟ್ಟು

ಅಮಾವಾಸ್ಯೆಯ ದಿನ ಉಕ್ಕಡಗಾತ್ರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕರಿಬಸವೇಶ್ವರ ಅಜ್ಜಯ್ಯನ ದರ್ಶನಕ್ಕೆ ಬಂದವರು ತುಂಗಭದ್ರೆಯಲ್ಲಿ ಮುಳುಗೆದ್ದು ಬರುತ್ತಾರೆ. ಅಲ್ಲಿ ಜಗಳೂರು ಕಡೆಯ ಹಿರಿಯರೊಬ್ಬರು ನದಿಯ ನೀರನ್ನು ಬೊಗಸೆಯಲ್ಲಿ ಹಿಡಿದು, "ಮೇಷ್ಟ್ರೇ, ನಮ್ಮೂರ ಬೋರಿನ ನೀರು ಇದಕ್ಕಿಂತ ತಿಳಿ ಐತ್ರಿ" ಎಂದರು. ಪಕ್ಕದಲ್ಲಿದ್ದ ಮೊಮ್ಮಗ ನಕ್ಕ. ಅವನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು.

ಅದು ಫ್ಲೋರೈಡಿನ ಗುರುತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು; ಬೇರೆ ನೀರೇ ಇಲ್ಲವೆಂದರೆ 1.5ರವರೆಗೆ ಒಪ್ಪಬಹುದು ಎಂಬುದು ಭಾರತೀಯ ಮಾನಕ. ಈ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೂ ಹೋಗದು. ಹಾಗಾದರೆ ಪತ್ತೆ ಹಚ್ಚುವುದು ಹೇಗೆ?

ಒಂದು ದಾರಿ, ಬೆಳಕಿನಿಂದ ಹೇಳಿಸುವುದು. ಚಿಟಿಕೆ ಅರಿಶಿನವನ್ನು ಸ್ಪಿರಿಟಿನಲ್ಲಿ ಕಲಕಿ, ಖೋಟಾ ನೋಟು ಪತ್ತೆ ಮಾಡುವ ನೇರಳಾತೀತ ದೀಪದಡಿ ಹಿಡಿಯಿರಿ. ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ. ಕಣ್ಣಿಗೆ ಕಾಣದ ಬೆಳಕನ್ನು ನುಂಗಿ ಕಾಣುವ ಬೆಳಕನ್ನು ಉಗುಳುವ ಈ ಗುಣಕ್ಕೆ 1852ರಲ್ಲಿ ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 'ಫ್ಲೋರೆಸೆನ್ಸ್' ಎಂದು ಹೆಸರಿಟ್ಟರು. ಫ್ಲೋರ್‌ಸ್ಪಾರ್ ಎಂಬ ಖನಿಜದಿಂದ ಬಂದ ಹೆಸರದು. ಫ್ಲೋರೈಡಿನ ಹೆಸರೂ ಅದೇ ಕಲ್ಲಿನದು!

ಇಂಗಾಲದ ಅತಿ ಸೂಕ್ಷ್ಮ ಕಣಗಳಿಗೂ ಹೀಗೆ ಹೊಳೆಯುವ ಗುಣವಿದೆ. ಇವುಗಳ ಗಾತ್ರ ಸಾಮಾನ್ಯವಾಗಿ 10 ನ್ಯಾನೋಮೀಟರಿಗಿಂತ ಕಡಿಮೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ನ್ಯಾನೋಮೀಟರ್. ಇವಕ್ಕೆ 'ಕಾರ್ಬನ್ ಡಾಟ್' ಎನ್ನುತ್ತಾರೆ. ಬೆಲ್ಲ, ಬ್ರೆಡ್ಡುಗಳಲ್ಲೂ ಇಂಥ ಕಣಗಳಿರುವುದನ್ನು ಗುವಾಹಟಿಯ ಐಐಟಿ ಸಂಶೋಧಕರು 2012ರಲ್ಲಿ ತೋರಿಸಿದರು. ಇವುಗಳ ದಾಯಾದಿಗಳಾದ 'ಕ್ವಾಂಟಮ್ ಡಾಟ್'ಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು.

ಪರೀಕ್ಷೆಯ ಒಂದು ಬಗೆ ಹೀಗಿದೆ. ಕಣಕ್ಕೆ ಜಿರ್ಕೋನಿಯಂನಂಥ ಲೋಹ ಅಂಟಿಕೊಂಡು ಹೊಳಪು ಕುಂದಿರುತ್ತದೆ. ಫ್ಲೋರೈಡಿಗೆ ಆ ಲೋಹವೆಂದರೆ ಬಲು ಪ್ರೀತಿ. ನೀರಿನಲ್ಲಿ ಅದಿದ್ದರೆ ಲೋಹವನ್ನು ಕಿತ್ತುಕೊಳ್ಳುತ್ತದೆ, ಕಣ ಮತ್ತೆ ಹೊಳೆಯುತ್ತದೆ. ಹೊಳಪು ಹೆಚ್ಚಿದಷ್ಟೂ ಫ್ಲೋರೈಡ್ ಹೆಚ್ಚು. ರೋಗಾಣುವನ್ನೇ ಗುರುತಿಸಿ ಅಂಟುವ ಪ್ರತಿಕಾಯವನ್ನು ಕಣಕ್ಕೆ ಜೋಡಿಸಿದರೆ, ಸಾವಿರಾರು ಜನ ಮೀಯುವ ಹೊಳೆಯ ನೀರಿನ ರೋಗಾಣುಗಳನ್ನೂ ಪತ್ತೆ ಮಾಡಬಹುದು.

ಆದರೆ ಹೊಳೆದದ್ದೆಲ್ಲ ಸತ್ಯವೆಂದು ನಂಬಬಾರದು. ನೀರಿನಲ್ಲಿ ಕಬ್ಬಿಣವಿದ್ದರೆ ಅದೂ ಹೊಳಪು ಕುಗ್ಗಿಸಬಹುದು. ಆಗ ವಿಷದ ನೀರು ಒಳ್ಳೆಯದೆಂದು ಪಾಸಾದೀತು! ಪ್ರಯೋಗಾಲಯದ ಶುದ್ಧ ನೀರಿನಲ್ಲಿ ಗೆದ್ದ ವಿಧಾನ ನಮ್ಮ ಬೋರಿನ ನೀರಿನಲ್ಲೂ ಗೆಲ್ಲಬೇಕು. ಪ್ರಮಾಣ ಗೊತ್ತಿರುವ ದ್ರಾವಣದೊಂದಿಗೆ ಹೋಲಿಸಿಯೇ ತೀರ್ಪು ಕೊಡಬೇಕು.

ಇಷ್ಟನ್ನೂ ಕೇಳಿದ ಹಿರಿಯರು, "ಈ ಹುಡುಗನ ಹಲ್ಲು ಸರಿ ಆಗ್ತಾವೇನ್ರಿ?" ಎಂದರು. ಕಲೆಯನ್ನು ದಂತವೈದ್ಯರು ಮರೆಮಾಚಬಹುದು, ಹಲ್ಲು ಮೊದಲಿನಂತಾಗದು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನ್ಯಾಗ ಇನ್ನೊಂದು ಕೂಸೈತ್ರಿ" ಎಂದರು.

ಆ ಕೂಸಿಗಾಗಿ ಹೊಸ ಕಣಗಳು ಪ್ರಯೋಗಾಲಯದಿಂದ ಹೊರಬರುವ ತನಕ ಕಾಯಬೇಕಿಲ್ಲ. ಫ್ಲೋರೈಡ್ ಅಳೆಯುವ ಹಳೆಯ ವಿಧಾನಗಳು ಈಗಲೂ ಇವೆ. ಶುಚಿಯಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ನಿಮ್ಮೂರ ಬೋರಿನ ನೀರು ಹಿಡಿದು ಪರೀಕ್ಷೆಗೆ ಕೊಡಿ, ಫಲಿತಾಂಶವನ್ನು ಪಂಚಾಯಿತಿಯ ಮುಂದಿಟ್ಟು ಬೇರೆ ನೀರು ಕೇಳಿ ಎಂದೆ. ನಿಮಗೂ ಅದನ್ನೇ ಹೇಳುತ್ತೇನೆ.