ಅಪ್ಪಂದಿರು ಹತ್ತಿದ ಏಣಿ ಎಲ್ಲಿ ಹೋಯ್ತು?

2024ರ ನವೆಂಬರ್ 23ಕ್ಕೆ ಮೂರು ಉಪಚುನಾವಣೆಗಳ ಫಲಿತಾಂಶ ಬಂತು. ಚನ್ನಪಟ್ಟಣದಲ್ಲಿ ಜೆಡಿಎಸ್‌ನಿಂದ ನಿಂತವರು ನಿಖಿಲ್ ಕುಮಾರಸ್ವಾಮಿ. ಅಪ್ಪ ಕೇಂದ್ರ ಸಚಿವರು, ತಾತ ಮಾಜಿ ಪ್ರಧಾನಿ. ಶಿಗ್ಗಾಂವಿಯಲ್ಲಿ ಬಿಜೆಪಿಯಿಂದ ಭರತ್ ಬೊಮ್ಮಾಯಿ. ಅಪ್ಪನೂ ಮುಖ್ಯಮಂತ್ರಿ ಆಗಿದ್ದವರು, ತಾತನೂ ಆಗಿದ್ದವರು. ಸಂಡೂರಿನಲ್ಲಿ ಕಾಂಗ್ರೆಸ್‌ನಿಂದ ಅನ್ನಪೂರ್ಣ ತುಕಾರಾಂ. ಪತಿ ಸಂಸದರು. ಮೂರೂ ಕಡೆ ಮನೆಯವರೇ ಲೋಕಸಭೆಗೆ ಹೋಗಿ ಖಾಲಿ ಮಾಡಿದ ಸೀಟುಗಳು. ಪಕ್ಷ ಮೂರಾದರೂ ಟಿಕೆಟ್ ಕೊಟ್ಟ ರೀತಿ ಒಂದೇ.

ಇಬ್ಬರು ಮಕ್ಕಳೂ ಸೋತರು. 'ಜನ ಬುದ್ಧಿ ಕಲಿಸಿದರು' ಅಂತ ವಾಟ್ಸಾಪ್‌ನಲ್ಲಿ ಖುಷಿಪಟ್ಟವರು ಬಹಳ. ನಮಗೆ ಅಷ್ಟು ಸಮಾಧಾನ ಆಗಲಿಲ್ಲ. ನಿಖಿಲ್ 2019ರಲ್ಲಿ ಮಂಡ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಿದ್ದರು. 2023ರಲ್ಲಿ ರಾಮನಗರದಲ್ಲಿ ಸೋತರು. ಈಗ ಚನ್ನಪಟ್ಟಣ. ಐದು ವರ್ಷದಲ್ಲಿ ಮೂರು ಕ್ಷೇತ್ರ, ಮೂರು ಬಿ ಫಾರಂ. ನಿಮ್ಮೂರಿನಲ್ಲಿ ಇಪ್ಪತ್ತು ವರ್ಷದಿಂದ ಪಕ್ಷದ ಬಾವುಟ ಕಟ್ಟಿ, ಬೂತ್‌ನಲ್ಲಿ ಕೂತು, ಕೇಸು ಹಾಕಿಸಿಕೊಂಡ ಅಣ್ಣನೊಬ್ಬ ಇದ್ದಾನಲ್ಲ, ಅವನಿಗೆ ಒಂದು ಸಲವಾದರೂ ಸೋಲುವ ಅವಕಾಶ ಸಿಕ್ಕಿದೆಯೇ?

ಒಬ್ಬ ನಿಖಿಲ್ ಅವರ ಮೇಲೆ ನಮ್ಮ ಸಿಟ್ಟಲ್ಲ. ಅದೇ ವರ್ಷದ ಲೋಕಸಭೆ ಚುನಾವಣೆಯಲ್ಲಿ ಕಾಂಗ್ರೆಸ್ ಸಚಿವರ ಮಕ್ಕಳಿಗೇ ಸಾಲಾಗಿ ಟಿಕೆಟ್ ಕೊಟ್ಟಿತು. ಚಿಕ್ಕೋಡಿ, ಬೆಳಗಾವಿ, ಬಾಗಲಕೋಟೆ, ಬೀದರ್, ಬೆಂಗಳೂರು ದಕ್ಷಿಣ, ಚಾಮರಾಜನಗರ. ಚಿಕ್ಕೋಡಿಯಲ್ಲಿ ಗೆದ್ದ ಪ್ರಿಯಾಂಕಾ ಜಾರಕಿಹೊಳಿ, ಬೀದರ್‌ನಲ್ಲಿ ಗೆದ್ದ ಸಾಗರ್ ಖಂಡ್ರೆ, ಇಬ್ಬರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಯುವಕರು ಬರಲಿ, ಬೇಡ ಅನ್ನುವವರು ನಾವಲ್ಲ. ಆದರೆ ಸಚಿವರ ಮನೆಯಲ್ಲಿ ಮಾತ್ರ ಯುವಕರು ಹುಟ್ಟುತ್ತಾರಾ?

ಇದಕ್ಕೆ ಒಂದು ರೆಡಿಮೇಡ್ ಉತ್ತರ ಇದೆ. 'ಡಾಕ್ಟರ ಮಗ ಡಾಕ್ಟರ್ ಆಗಬಹುದು, ರಾಜಕಾರಣಿ ಮಗ ರಾಜಕಾರಣಿ ಆಗಬಾರದಾ?' ಆಗಲಿ. ಆದರೆ ಡಾಕ್ಟರ ಮಗನೂ ನೀಟ್ ಬರೆಯಬೇಕು, ನಮ್ಮ ಮಕ್ಕಳ ಜೊತೆ ಅದೇ ಹಾಲ್‌ನಲ್ಲಿ ಕೂತು. ರಾಜಕೀಯಕ್ಕೆ ಅಂಥ ಪರೀಕ್ಷೆ ಯಾವುದು?

ಇತ್ತು. ಅದನ್ನು ಪಾಸು ಮಾಡಿದವರು ಇದೇ ಮಕ್ಕಳ ಅಪ್ಪಂದಿರು, ತಾತಂದಿರು. ದೇವೇಗೌಡರು ಹೊಳೆನರಸೀಪುರ ತಾಲ್ಲೂಕು ಬೋರ್ಡಿನಿಂದ ಮೇಲೆ ಬಂದವರು. ಸಿದ್ದರಾಮಯ್ಯ 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿಗೆ ಗೆದ್ದವರು. ಯಡಿಯೂರಪ್ಪ 1975ರಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾದವರು. ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ಸೋತ ಮೇಲೆ ಜಿಲ್ಲಾ ಪರಿಷತ್ ಮೂಲಕ ಎದ್ದು ನಿಂತವರು. ಇವರಲ್ಲಿ ಯಾರಿಗೂ ಮುಖ್ಯಮಂತ್ರಿ ಅಪ್ಪ ಇರಲಿಲ್ಲ. ಚರಂಡಿ, ಬೋರ್‌ವೆಲ್, ಶಾಲೆಯ ಹೆಂಚು ಅಂತ ಜಗಳ ಮಾಡುತ್ತಲೇ ರಾಜಕೀಯ ಕಲಿತರು.

ಈಗ ಮಕ್ಕಳನ್ನು ನೋಡಿ. ಯತೀಂದ್ರ ಸಿದ್ದರಾಮಯ್ಯ ಅವರ ಮೊದಲ ಚುನಾವಣೆಯೇ ವರುಣಾ ವಿಧಾನಸಭೆ. 2023ರಲ್ಲಿ ಅದನ್ನು ತಂದೆಗೆ ಬಿಟ್ಟುಕೊಟ್ಟರು, 2024ರಲ್ಲಿ ವಿಧಾನ ಪರಿಷತ್ತಿಗೆ ಬಂದರು. ವಿಜಯೇಂದ್ರ 2023ರಲ್ಲಿ ಅಪ್ಪನ ಶಿಕಾರಿಪುರದಿಂದ ಮೊದಲ ಸಲ ಶಾಸಕರಾದರು, ಅದೇ ವರ್ಷ ಪಕ್ಷದ ರಾಜ್ಯಾಧ್ಯಕ್ಷರೂ ಆದರು. ಅದಕ್ಕೂ ಮೊದಲು ಅವರು ಪಕ್ಷದ ಕೆಲಸ ಮಾಡಿದ್ದಾರೆ, ಸುಳ್ಳು ಹೇಳುವುದಿಲ್ಲ. ಆದರೆ ಅಷ್ಟೇ ಕೆಲಸ ಮಾಡಿದ ಬೇರೆಯವರು ಎಲ್ಲಿದ್ದಾರೆ ಅಂತಲೂ ಕೇಳಬೇಕಲ್ಲ.

ನಮ್ಮ ನಿಜವಾದ ದೂರು ಈಗ ಬರುತ್ತದೆ. ಅಪ್ಪಂದಿರು ಹತ್ತಿದ ಆ ಏಣಿಯೇ ಈಗ ಇಲ್ಲ. ಕರ್ನಾಟಕದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಕೊನೆಗೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅನ್ನುತ್ತದೆ ಸಂವಿಧಾನ. 2024 ಮುಗಿಯುತ್ತಾ ಬಂದಾಗಲೂ ಆಗಿರಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಅಂತ ಬಿಜೆಪಿ ಸರ್ಕಾರ ಎರಡು ವರ್ಷ ತಳ್ಳಿತು, ಕಾಂಗ್ರೆಸ್ ಸರ್ಕಾರವೂ ಅದೇ ದಾರಿ ಹಿಡಿಯಿತು. ಇದೇ ಹೊತ್ತಿನಲ್ಲಿ ವಿಧಾನಸಭೆ ಚುನಾವಣೆ ನಡೆಯಿತು, ಲೋಕಸಭೆ ನಡೆಯಿತು, ಉಪಚುನಾವಣೆಗಳೂ ನಡೆದವು. ಹಳ್ಳಿಯವರು ನಿಲ್ಲಬಹುದಾದ ಚುನಾವಣೆಗೆ ಮಾತ್ರ ಸಮಯ ಸಿಗಲಿಲ್ಲ.

ಹೆಚ್ಚುಕಡಿಮೆ ಐದು ಸಾವಿರ ಸ್ಥಾನಗಳ ಮಾತಿದು. ಅರ್ಧ ಮಹಿಳೆಯರಿಗೆ ಮೀಸಲು. ಗ್ರಾಮ ಪಂಚಾಯಿತಿಯಲ್ಲಿ ಚೆನ್ನಾಗಿ ಕೆಲಸ ಮಾಡಿ, ಮುಂದೆ ತಾಲ್ಲೂಕಿಗೆ ಹೋಗುವೆ ಅಂದುಕೊಂಡ ಅಕ್ಕಂದಿರು ಅಲ್ಲೇ ನಿಂತಿದ್ದಾರೆ. ಜಿಲ್ಲಾ ಪಂಚಾಯಿತಿ ನಡೆಸುತ್ತಿರುವವರು ಅಧಿಕಾರಿಗಳು. ಅವರಿಗೆ ಓಟಿನ ಭಯ ಇಲ್ಲ. ಶಾಲೆ ಸೋರಿದರೆ, ನೀರು ಬರದಿದ್ದರೆ ಶಾಸಕರ ಮನೆ ಬಾಗಿಲಿಗೇ ಹೋಗಬೇಕು. ಅಲ್ಲಿ ಅರ್ಜಿ ತೆಗೆದುಕೊಳ್ಳಲು ಕೂತವರು ಯಾರು? ಎಷ್ಟೋ ಕಡೆ ಅವರ ಮಗನೇ. ಹಾಗೆ ಅರ್ಜಿ ತೆಗೆದುಕೊಂಡೇ ಅವರು 'ಯುವ ನಾಯಕ' ಆಗುತ್ತಾರೆ, ಮುಂದಿನ ಟಿಕೆಟ್‌ಗೆ ಅದೇ ಅರ್ಹತೆ ಆಗುತ್ತದೆ.

ಆದ್ದರಿಂದ ಈ ಮಕ್ಕಳಿಗೆ ನಮ್ಮದು ಒಂದೇ ಮಾತು. ಅಪ್ಪನ ಹೆಸರಿನಿಂದ ಬಂದಿರಿ, ಬನ್ನಿ, ಕಾನೂನಿನಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಅಪ್ಪಂದಿರನ್ನು ಬೆಳೆಸಿದ ಚುನಾವಣೆ ನಡೆಸಿ ಅಂತ ಸದನದಲ್ಲಿ, ಪಕ್ಷದ ಸಭೆಯಲ್ಲಿ, ಆಗದಿದ್ದರೆ ಊಟದ ಹೊತ್ತಿಗೆ ಅಪ್ಪನ ಹತ್ತಿರವಾದರೂ ಕೇಳಿ. ನಿಮ್ಮ ಮಾತು ಅವರ ಕಿವಿಗೆ ಬೀಳುತ್ತದೆ, ನಮ್ಮದು ಬೀಳುವುದಿಲ್ಲ.

ಓದುಗರೇ, ನಿಮಗೂ ಒಂದು ಕೆಲಸ. ಊರ ಹಬ್ಬಕ್ಕೋ ಕಬಡ್ಡಿ ಪಂದ್ಯಕ್ಕೋ ಯುವ ನಾಯಕರು ಬಂದಾಗ ಸೆಲ್ಫಿ ಬೇಕಾದರೆ ತೆಗೆಸಿಕೊಳ್ಳಿ. ಹಾಗೆಯೇ ಫೋನ್ ಕೈಯಲ್ಲಿರುವಾಗಲೇ ರೆಕಾರ್ಡಿಂಗ್ ಆನ್ ಮಾಡಿ ಕೇಳಿ: 'ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಚುನಾವಣೆ ಯಾವಾಗ?' ಉತ್ತರ ಏನೇ ಬಂದರೂ ನಮಗೆ ಕಳಿಸಿ.