ಬೆಳೆಯ ಮೇಲೆ ಕೂತ ಧೂಳಿಗೂ ಲೆಕ್ಕ ಬೇಕು



ಮೆಣಸಿನ ಗಿಡಕ್ಕೆ ಮುಟುರು ರೋಗ ಬಂದರೆ ನೀವು ಎಲೆ ಕಿತ್ತು ತಂದು ತೋರಿಸುತ್ತೀರಿ. ಹತ್ತಿಗೆ ಹುಳು ಬಿದ್ದರೆ ಕಾಯಿ ಸೀಳಿ ತೋರಿಸುತ್ತೀರಿ. ಆದರೆ ಎಲೆಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು ಕೂತಿದ್ದರೆ ಯಾರಿಗೂ ತೋರಿಸುವುದಿಲ್ಲ. "ರಸ್ತೆ ಪಕ್ಕದ ಹೊಲ, ಏನು ಮಾಡುವುದು" ಎಂದು ಸುಮ್ಮನಾಗುತ್ತೀರಿ. ಗಣಿ, ಜಲ್ಲಿ ಕ್ರಷರ್, ಸಿಮೆಂಟ್ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರಗಳ ಸುತ್ತಲಿನ ಹಳ್ಳಿಗಳಲ್ಲೆಲ್ಲ ಇದೇ ಮಾತು. ತಪ್ಪು ನಿಮ್ಮದೊಬ್ಬರದೇ ಅಲ್ಲ. ನಮ್ಮಂತಹ ವಿಸ್ತರಣಾ ಕಾರ್ಯಕರ್ತರ ಬಳಿ ಇರುವ ನಮೂನೆಯಲ್ಲಿ ಕೀಟಕ್ಕೆ, ರೋಗಕ್ಕೆ ಅಂಕಣವಿದೆ, ಧೂಳಿಗೆ ಇಲ್ಲ. ಬೆಳೆ ವಿಮೆಯಲ್ಲೂ ಬರ, ನೆರೆ, ಆಲಿಕಲ್ಲು ಎಂದು ಇದೆಯೇ ಹೊರತು ಲಾರಿಯ ಧೂಳಿಗೆ ಜಾಗವಿಲ್ಲ.

ಧೂಳು ಬೆಳೆಗೆ ಮಾಡುವ ಹಾನಿ ಚಿಕ್ಕದಲ್ಲ. ಎಲೆಯ ಮೇಲೆ ಪದರ ಕಟ್ಟಿದಾಗ ಬಿಸಿಲು ಒಳಕ್ಕೆ ಸರಿಯಾಗಿ ಇಳಿಯುವುದಿಲ್ಲ. ಪತ್ರರಂಧ್ರಗಳು ಮುಚ್ಚಿ ಎಲೆಯ ಉಸಿರಾಟ ಕೆಡುತ್ತದೆ, ಎಲೆ ಕಾಯುತ್ತದೆ. ಹೂವಿನ ಶಲಾಕಾಗ್ರದ ಮೇಲೆ ಧೂಳು ಕೂತರೆ ಪರಾಗ ಅಂಟುವುದಿಲ್ಲ, ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಸಿಮೆಂಟ್ ಧೂಳು ಕ್ಷಾರ ಗುಣದ್ದು. ಇಬ್ಬನಿ ಬಿದ್ದಾಗ ಅದು ಎಲೆಯ ಮೇಲೇ ಗಟ್ಟಿಯಾಗಿ ಹೊಪ್ಪಳೆಯಂತೆ ನಿಲ್ಲುತ್ತದೆ. ಅದೇ ಗಾಳಿಯನ್ನು ಕಳೆ ತೆಗೆಯುವ ಕೂಲಿ ಹೆಂಗಸರು ದಿನವಿಡೀ ಉಸಿರಾಡುತ್ತಾರೆ. ಅವರ ಹೆಸರಿನಲ್ಲಿ ಪಹಣಿ ಇರುವುದಿಲ್ಲ. ಆದ್ದರಿಂದ ಪರಿಹಾರದ ಮಾತು ಬಂದಾಗ ಅವರ ನೆನಪೂ ಬರುವುದಿಲ್ಲ.

ಸಂಡೂರಿನ ಉದಾಹರಣೆ ನಮ್ಮ ಕಣ್ಣಮುಂದೆಯೇ ಇದೆ. 2000ದ ನಂತರ ಚೀನಾದಿಂದ ಕಬ್ಬಿಣದ ಅದಿರಿಗೆ ಬೇಡಿಕೆ ಏರಿತು. ಲಾರಿಗಳು ಹಗಲಿರುಳು ಓಡಿದವು, ಬಳ್ಳಾರಿ ಸೀಮೆಯ ಹೊಲಗಳು ಕೆಂಪಾದವು. 2009ರಲ್ಲಿ ಸಮಾಜ ಪರಿವರ್ತನ ಸಮುದಾಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ಆರಂಭಿಸಲು ಅನುಮತಿ ಕೊಟ್ಟಾಗ ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್ ಎಂಬ ಮಿತಿ ಹಾಕಿತು, ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಹಣ ತೆಗೆದಿರಿಸಿತು. ಆ ಮಿತಿ 2022ರಲ್ಲಿ 3.5 ಕೋಟಿ ಟನ್ನಿಗೆ ಏರಿದೆ. ಅಂದರೆ ಧೂಳಿನ ಮಾತು ಹಳೆಯದಾಗಿಲ್ಲ.

ಅಲ್ಲಿ ಗೆದ್ದದ್ದು ಕೂಗಲ್ಲ, ಕಾಗದ. ಗುತ್ತಿಗೆಯ ಗಡಿ ನಕ್ಷೆ, ಸಾಗಣೆ ಪರವಾನಗಿ, ತೂಕದ ಲೆಕ್ಕ ಇವೇ ಸಾಕ್ಷಿ ಹೇಳಿದವು. ಅದಿರಿಗೆ ಟನ್ನಿನ ಲೆಕ್ಕವಿತ್ತು. ತನ್ನ ಎರಡು ಎಕರೆ ಹತ್ತಿ ಯಾವ ವರ್ಷ ಎಷ್ಟು ಇಳುವರಿ ಕಳೆದುಕೊಂಡಿತು ಎಂಬ ಕಾಗದ ಎಷ್ಟು ರೈತರ ಮನೆಯಲ್ಲಿದ್ದೀತು?

ಗಾಳಿಯನ್ನು ಅಳೆಯುವ ಯಂತ್ರಗಳೂ ಹೆಚ್ಚಾಗಿ ಪಟ್ಟಣದಲ್ಲೇ ನಿಂತಿವೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದಿಂದ ಸೇರಿದವು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಎಲ್ಲವೂ ನಗರಗಳೇ. ನಗರದವರಿಗೆ ಶುದ್ಧ ಗಾಳಿ ಬೇಡ ಎನ್ನುವುದಿಲ್ಲ. ಆ ನಗರಗಳಿಗೆ ಉಕ್ಕು, ಸಿಮೆಂಟು, ವಿದ್ಯುತ್ತು ಹೋಗುವುದು ನಮ್ಮ ಹೊಲದ ಪಕ್ಕದಿಂದ ಎಂದಷ್ಟೇ ನೆನಪಿಸುತ್ತೇನೆ. ಮಳೆಗಾಲವನ್ನು ಏರುಪೇರು ಮಾಡುತ್ತಿರುವ ಹೊಗೆಯೂ ಇದೇ ಚಿಮಣಿಗಳದು.

ಹಾಗಾಗಿ ಲೆಕ್ಕವನ್ನು ನೀವೇ ಶುರು ಮಾಡಬೇಕು. ಅಗಲ ಬಾಯಿಯ ಒಂದೇ ಅಳತೆಯ ಎರಡು ಡಬ್ಬಿಗಳನ್ನು ತೆಗೆದುಕೊಳ್ಳಿ. ಒಂದನ್ನು ರಸ್ತೆಗೆ ಹತ್ತಿರದ ಬದುವಿನಲ್ಲಿ, ಇನ್ನೊಂದನ್ನು ದೂರದ ಹೊಲದಲ್ಲಿ, ಆಳೆತ್ತರದ ಗೂಟದ ಮೇಲೆ ಕಟ್ಟಿ. ತಳದಲ್ಲಿ ಸ್ವಲ್ಪ ನೀರು ಇರಲಿ, ಇಲ್ಲದಿದ್ದರೆ ಬಿದ್ದ ಧೂಳು ಗಾಳಿಗೆ ಮತ್ತೆ ಹಾರುತ್ತದೆ. 30 ದಿನ ಬಿಟ್ಟು ನೀರು ಆರಿಸಿ ತೂಗಿಸಿ. ಜೊತೆಗೆ ಒಂದೇ ಸಾಲಿನ ಹತ್ತು ಗಿಡಗಳಿಗೆ ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿ ತೊಳೆಯಿರಿ. ಇನ್ನು ಹತ್ತನ್ನು ಹಾಗೇ ಬಿಟ್ಟು ಅವುಗಳ ಬುಡಕ್ಕೆ ಅಷ್ಟೇ ನೀರು ಹಾಕಿ, ಇಲ್ಲವಾದರೆ ವ್ಯತ್ಯಾಸ ನೀರಿನದು ಎಂದಾರು. ಎರಡೂ ಕಡೆಯ ಕಾಯಿ ಎಣಿಸಿ ಬರೆದಿಡಿ. ಇದು ಪ್ರಯೋಗಾಲಯದ ಪುರಾವೆಯಲ್ಲ, ನಿಜ. ಆದರೆ ಅಧಿಕಾರಿಯನ್ನು ಹೊಲಕ್ಕೆ ಕರೆತರಲು, ಮಹಜರು ಮಾಡಿಸಲು ಇದು ಸಾಕು. ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ದೂರಿಗೆ ಹಿಂಬರಹ ಬರುವುದಿಲ್ಲ.

ಹೊಸ ಗಣಿಗೋ ಕಾರ್ಖಾನೆಗೋ ಸಾರ್ವಜನಿಕ ವಿಚಾರಣೆ ಗೊತ್ತಾದರೆ ಅದನ್ನು ತಪ್ಪಿಸಬೇಡಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮುಂಚೆ ತಿಳಿಸಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಭೆಯ ಕೊನೆಗೆ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು. ಹೆಚ್ಚಿನವರು ಊಟದ ಹೊತ್ತಿಗೆ ಎದ್ದು ಹೋಗುತ್ತಾರೆ. ಓದಿ ಮುಗಿಸುವವರೆಗೆ ಕೂತಿರಿ, ನಿಮ್ಮ ಮಾತು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ.

ಒಂದು ಮಾತು ನಮ್ಮ ಕಡೆಗೂ ತಿರುಗುತ್ತದೆ. ಕಬ್ಬಿನ ರವದಿಗೆ ಬೆಂಕಿ ಹಚ್ಚುವ ಕೈ, ಕಾರ್ಖಾನೆಯ ಹೊಗೆಯ ವಿರುದ್ಧ ಅರ್ಜಿ ಬರೆದರೆ ಎದುರು ವಕೀಲರು ಮೊದಲು ಕೇಳುವುದು ಅದನ್ನೇ. ರವದಿಯನ್ನು ಸಾಲಿನಲ್ಲಿ ಮುಚ್ಚಿಗೆ ಮಾಡಿದರೆ ತೇವವೂ ಉಳಿಯುತ್ತದೆ, ಆ ಪ್ರಶ್ನೆಯೂ ಬರುವುದಿಲ್ಲ.

ತಡ ಮಾಡಬೇಡಿ ಎನ್ನಲು ಕಾರಣವಿದೆ. ಪರಿಸರದ ವ್ಯಾಜ್ಯಗಳಿಗಾಗಿ 2010ರ ಕಾಯಿದೆಯಿಂದ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ತಡೆ ಆದೇಶದಂತಹ ಪರಿಹಾರ ಕೇಳಲು ವ್ಯಾಜ್ಯದ ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ನಷ್ಟ ತುಂಬಿಕೊಡಿ ಎನ್ನಲು ಐದು ವರ್ಷ ಅವಧಿಯಿದೆ. ಸಾಕಷ್ಟು ಕಾರಣ ತೋರಿಸಿದರೆ ಇನ್ನು 60 ದಿನ ಕೊಡಬಹುದು, ಅದಕ್ಕಿಂತ ಹೆಚ್ಚಿಲ್ಲ. ನಮ್ಮ ರಾಜ್ಯಕ್ಕೆ ಅದರ ಪೀಠ ಚೆನ್ನೈಯಲ್ಲಿದೆ. ಡಬ್ಬಿ ಕಟ್ಟಲು ಒಳ್ಳೆಯ ಕಾಲವೆಂದರೆ ಹಿಂಗಾರು ಮಳೆ ನಿಂತ ಮೇಲೆ, ಹತ್ತಿಯ ಕಾಯಿ ಒಡೆಯುವ ಮುಂಚೆ.